ಡೀಸೆಲ್ ಲೆಕ್ಕ ಬೇರೆ, ಸಂಬಳದ ಲೆಕ್ಕ ಬೇರೆ: ಕೊಡಗಿನ ಖಾಸಗಿ ಬಸ್ ನೌಕರರಿಗೆ ವೇತನ ಮಾತುಕತೆಯ ಕೈಪಿಡಿ

ಸಂಬಳ ಹೆಚ್ಚು ಮಾಡಿ ಎಂದು ಕೇಳಿದ ಕೂಡಲೇ ಮಾಲೀಕರ ಬಾಯಲ್ಲಿ ಬರುವ ಮೊದಲ ಮಾತು ಡೀಸೆಲ್. ಮಾತು ಸುಳ್ಳಲ್ಲ. ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆ ಇದು. ಓಡಾಟವೆಲ್ಲ ಟೈರಿನ ಮೇಲೆ. ಏರು, ಇಳಿಜಾರು, ತಿರುವುಗಳ ರಸ್ತೆಯಲ್ಲಿ ಬಸ್ಸಿನ ದಿನದ ಖರ್ಚಿನ ದೊಡ್ಡ ಪಾಲು ಟ್ಯಾಂಕಿಗೇ ಹೋಗುತ್ತದೆ. ಹಾಗಾಗಿ 'ಡೀಸೆಲ್ ಏನೂ ಏರಿಲ್ಲ' ಎಂದು ವಾದಕ್ಕಿಳಿದ ಸಂಘ ಮೊದಲ ಸುತ್ತಿನಲ್ಲೇ ಸೋಲುತ್ತದೆ. ಕೇಳಬೇಕಾದ್ದು ಬೇರೆ: ಕಿಲೋಮೀಟರಿಗೆ ಎಷ್ಟು ಪೈಸೆ ಏರಿತು? ಯಾವ ತಿಂಗಳಿಂದ? ಅದರಲ್ಲಿ ಬಂಕಿನ ದರದ ಪಾಲೆಷ್ಟು, ಬಸ್ಸಿನ ಮೈಲೇಜ್ ಬಿದ್ದದ್ದರ ಪಾಲೆಷ್ಟು? ಈ ಮೂರಕ್ಕೆ ಕಾಗದದ ಮೇಲೆ ಉತ್ತರ ಇಟ್ಟುಕೊಂಡು ಕೂತವರ ಮುಂದೆ ಡೀಸೆಲ್ ಎಂಬ ಒಂದೇ ಮಾತಿನಿಂದ ಚರ್ಚೆ ಮುಗಿಯುವುದಿಲ್ಲ.

ಮೊದಲು ಲೆಕ್ಕ ಹಿಡಿಯಿರಿ

ಬೇಡಿಕೆ ಪಟ್ಟಿ ಬರೆಯುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಅಂಕಿ ಸೇರಿಸಲು ಶುರು ಮಾಡಬೇಕು. ಬೇಕಾದ ಅಂಕಿಗಳೆಲ್ಲ ನೌಕರರ ಕೈಯಲ್ಲೇ ಹಾದುಹೋಗುತ್ತವೆ. ಕಿಲೋಮೀಟರ್ ಚಾಲಕನ ಕಣ್ಣೆದುರಿನ ಮೀಟರಿನಲ್ಲಿದೆ, ಕಲೆಕ್ಷನ್ ಕಂಡಕ್ಟರ್ ಕೈಯ ಟಿಕೆಟ್ ಮೆಷಿನ್ನಿನಲ್ಲಿದೆ, ಲೀಟರ್ ಮತ್ತು ದರ ಬಂಕಿನ ಬಿಲ್ಲಿನಲ್ಲಿದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಸಾಕು: ತಾರೀಖು, ರೂಟು, ಓಡಿದ ಕಿ.ಮೀ., ಹಾಕಿಸಿದ ಲೀಟರ್, ದರ, ಟ್ರಿಪ್ ಎಷ್ಟು ತಪ್ಪಿತು, ಯಾಕೆ ತಪ್ಪಿತು. ಕಲೆಕ್ಷನ್ ಅಂಕಿಯನ್ನು ಒಂದೊಂದು ಬಸ್ಸಿನದೆಂದು ಹೊರಗೆ ಹೇಳಬೇಡಿ. ಐದಾರು ಬಸ್ಸಿನ ಸರಾಸರಿ ಮಾಡಿ ಬಳಸಿ. ಇಲ್ಲದಿದ್ದರೆ ಮಾತುಕತೆ ಶುರುವಾಗುವ ಮೊದಲೇ ಯಾರೋ ಒಬ್ಬ ಕಂಡಕ್ಟರ್ ಮಾಲೀಕರ ಕೋಪಕ್ಕೆ ಗುರಿಯಾಗುತ್ತಾನೆ.

ಮೈಲೇಜ್ ಅಳೆಯುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. 'ಇವತ್ತು ಮೂರು ಸಾವಿರದ ಡೀಸೆಲ್ ಹಾಕಿದೆವು, ಇಷ್ಟು ಓಡಿತು' ಎಂಬುದು ಲೆಕ್ಕವಲ್ಲ. ಟ್ಯಾಂಕಿನಲ್ಲಿ ಉಳಿದದ್ದು ಯಾರಿಗೂ ಗೊತ್ತಿರುವುದಿಲ್ಲ. ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಳ್ಳಿ, ಒಂದು ವಾರ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ, ಬಸ್ಸನ್ನು ಅದೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮತ್ತೆ ತುಂಬಿಸಿ. ವಾರದಲ್ಲಿ ಹಾಕಿಸಿದ ಒಟ್ಟು ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿದರೆ ಬರುವುದು ನಿಜವಾದ ಮೈಲೇಜ್. ಟೈರಿನ ಸೈಜ್ ಬದಲಾಗಿದ್ದರೆ ಮೀಟರ್ ಸುಳ್ಳು ಹೇಳಬಹುದು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಹತ್ತು ಕಿ.ಮೀ. ಓಡಿಸಿ ಹೋಲಿಸಿದರೆ ಗೊತ್ತಾಗುತ್ತದೆ.

ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡದ) ಬಸ್ಸಾದರೆ ಡೀಸೆಲ್ ಜೊತೆಗೆ ಹೊಗೆಯನ್ನು ಶುದ್ಧ ಮಾಡುವ ಡಿಇಎಫ್ ದ್ರವವೂ ಬೇಕು, ಡೀಸೆಲ್ಲಿನ ಶೇ. 3ರಿಂದ 5ರಷ್ಟು. ಮಾಲೀಕರು ಇದನ್ನೂ ಇಂಧನದ ಖಾತೆಗೆ ಸೇರಿಸುತ್ತಾರೆ, ಅದು ನ್ಯಾಯವೇ. ಆದರೆ ಬೇರೆ ಸಾಲಿನಲ್ಲಿ ಬರೆಯಲಿ. ಒಂದೇ ಮೊತ್ತದಲ್ಲಿ ಬೆರೆತರೆ ಯಾವುದು ಏರಿತು ಎಂದು ಆಮೇಲೆ ಬಿಡಿಸಲಾಗದು.

ಎಲ್ಲವನ್ನೂ ಕಿಲೋಮೀಟರಿಗೆ ಇಳಿಸಿ

ಲೆಕ್ಕದ ಅನುಕೂಲಕ್ಕೆ ಒಂದು ಬಸ್ ಇಟ್ಟುಕೊಳ್ಳೋಣ. ದಿನಕ್ಕೆ 180 ಕಿ.ಮೀ. ಓಟ, ಮೈಲೇಜ್ ಲೀಟರಿಗೆ 4.5 ಕಿ.ಮೀ., ಡೀಸೆಲ್ ಲೀಟರಿಗೆ 91 ರೂಪಾಯಿ. ಚಾಲಕನಿಗೆ ದಿನಕ್ಕೆ 900, ಕಂಡಕ್ಟರಿಗೆ 800. ಇವು ಮಾದರಿ ಅಂಕಿಗಳು. ಅವುಗಳ ಜಾಗಕ್ಕೆ ನಿಮ್ಮ ರೂಟಿನ ಅಂಕಿ ಹಾಕಿಕೊಳ್ಳಿ.

ದಿನಕ್ಕೆ ಬೇಕಾಗುವುದು 40 ಲೀಟರ್, ಅಂದರೆ 3,640 ರೂ. ಕಿಲೋಮೀಟರಿಗೆ 20 ರೂ. 22 ಪೈಸೆ. ಇಬ್ಬರ ಸಂಬಳ 1,700 ರೂ., ಕಿಲೋಮೀಟರಿಗೆ 9 ರೂ. 44 ಪೈಸೆ.

ಈಗ ಡೀಸೆಲ್ ಲೀಟರಿಗೆ 3 ರೂ. ಏರಿತು ಎನ್ನಿ. ದಿನಕ್ಕೆ 120 ರೂ. ಹೆಚ್ಚು, ಕಿಲೋಮೀಟರಿಗೆ 67 ಪೈಸೆ. ಸಂಬಳ ಶೇ. 10 ಏರಿದರೆ ದಿನಕ್ಕೆ 170 ರೂ., ಕಿಲೋಮೀಟರಿಗೆ 94 ಪೈಸೆ. ಮೈಲೇಜ್ 4.5ರಿಂದ 4.2ಕ್ಕೆ ಇಳಿದರೆ? 40 ಲೀಟರಿನ ಜಾಗದಲ್ಲಿ ಸುಮಾರು 42.9 ಲೀಟರ್ ಬೇಕು. ದಿನಕ್ಕೆ 260 ರೂ., ಕಿಲೋಮೀಟರಿಗೆ 1 ರೂ. 44 ಪೈಸೆ. ಅಂದರೆ ಮೈಲೇಜಿನಲ್ಲಿ ಬರೀ 0.3 ಬಿದ್ದರೆ ಡೀಸೆಲ್ ಆರೂವರೆ ರೂಪಾಯಿ ಏರಿದಷ್ಟೇ ಹೊರೆ, ಶೇ. 10ರ ಸಂಬಳ ಏರಿಕೆಗಿಂತಲೂ ಹೆಚ್ಚು. ಬಂಕಿನ ದರ ಯಾರ ಕೈಯಲ್ಲೂ ಇಲ್ಲ. ಮೈಲೇಜ್ ಮಾತ್ರ ಮಾಲೀಕರ ಗ್ಯಾರೇಜಿನಲ್ಲೂ ಚಾಲಕನ ಕಾಲಿನಲ್ಲೂ ಇದೆ. ಮಾತುಕತೆಯಲ್ಲಿ ಹಣ ಹುಟ್ಟುವುದಿದ್ದರೆ ಹೆಚ್ಚಾಗಿ ಇಲ್ಲೇ.

ಎದುರಿನವರ ಲೆಕ್ಕವನ್ನೂ ನೀವೇ ಮಾಡಿಟ್ಟುಕೊಳ್ಳಿ. ನೀವು 170 ಎಂದಾಗ ಪಿಎಫ್, ಬೋನಸ್, ಗ್ರಾಚ್ಯುಟಿ ಅನ್ವಯವಾಗುವ ಕಡೆ ಮಾಲೀಕರಿಗೆ ಅದು 200 ದಾಟಬಹುದು. ಇದನ್ನು ಸಂಘವೇ ಮೊದಲು ಹೇಳಿದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಬರುತ್ತದೆ.

ಮೈಲೇಜ್ ಸೋರುವ ಜಾಗಗಳು

ಗಾಳಿ ಕಡಿಮೆಯಾದ ಟೈರು, ಧೂಳು ಕಟ್ಟಿದ ಏರ್ ಫಿಲ್ಟರ್, ಜಾರುವ ಕ್ಲಚ್, ಕೆಟ್ಟ ಇಂಜೆಕ್ಟರ್: ಇವು ಎಲ್ಲ ಊರಿನಲ್ಲೂ ಇರುವಂಥವು. ಕೊಡಗಿಗೆ ವಿಶೇಷವಾದದ್ದು ಮಳೆಗಾಲದ ಬ್ರೇಕ್. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಸರು, ನೀರು ಕುಡಿದ ಬ್ರೇಕ್ ಬಿಟ್ಟ ಮೇಲೂ ಪೂರ್ತಿ ಬಿಡದೆ ಡ್ರಮ್ಮಿಗೆ ಸವರುತ್ತಲೇ ಇರುತ್ತದೆ. ಟ್ರಿಪ್ ಮುಗಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ (ಮುಟ್ಟಬೇಡಿ, ಸುಡುತ್ತದೆ). ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಿದ್ದರೆ ಡೀಸೆಲ್ ಅಲ್ಲಿ ಉರಿಯುತ್ತಿದೆ. ಇನ್ನೊಂದು, ಸ್ಟ್ಯಾಂಡಿನಲ್ಲಿ ಎಂಜಿನ್ ಆಫ್ ಮಾಡದೆ ನಿಲ್ಲಿಸುವುದು. ಸುಮ್ಮನೆ ನಿಂತ ಬಸ್ಸಿನ ಎಂಜಿನ್ ಗಂಟೆಗೆ ಒಂದರಿಂದ ಎರಡು ಲೀಟರ್ ಕುಡಿಯಬಹುದು. ಸೆಲ್ಫ್ ಸ್ಟಾರ್ಟರ್ ಸರಿಯಿಲ್ಲದ, ಬ್ಯಾಟರಿ ಸತ್ತ ಬಸ್ಸನ್ನು ಚಾಲಕ ಆಫ್ ಮಾಡುವುದಿಲ್ಲ, ಮತ್ತೆ ತಳ್ಳುವವರು ಯಾರು? ಹಾಗಾಗಿ ಇದು ಚಾಲಕನ ಸೋಮಾರಿತನವೋ ಬ್ಯಾಟರಿಗೆ ದುಡ್ಡು ಹಾಕದ ಜಿಪುಣತನವೋ ಎಂಬುದನ್ನು ಬಸ್ಸು ಬಸ್ಸಿಗೆ ಬರೆದಿಡಿ.

ಮೈಲೇಜ್ ಹೆಚ್ಚಿಸಿದವರಿಗೆ ಉಳಿದ ಹಣದಲ್ಲಿ ಪಾಲು ಎಂಬ ಕಲಂ ಒಪ್ಪಂದಕ್ಕೆ ಬರುವುದು ಒಳ್ಳೆಯದೇ. ಆದರೆ ಘಾಟಿ ರಸ್ತೆಯಲ್ಲಿ ಅದು ಜೀವಕ್ಕೆ ಸಂಚಕಾರ ತರಬಲ್ಲದು. ಸಂಪಾಜೆ ಅಥವಾ ಮಾಕುಟ್ಟ ಘಾಟಿ ಇಳಿಯುವಾಗ ನಾಲ್ಕು ಕಾಸು ಉಳಿಸಲು ನ್ಯೂಟ್ರಲ್ ಹಾಕುವವರು, ಎಂಜಿನ್ನನ್ನೇ ಆಫ್ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಎಂಜಿನ್ ನಿಂತರೆ ಕಂಪ್ರೆಸರ್ ನಿಲ್ಲುತ್ತದೆ, ಬ್ರೇಕಿನ ಗಾಳಿ ತುಂಬುವುದಿಲ್ಲ, ಸ್ಟೇರಿಂಗ್ ಕಲ್ಲಾಗುತ್ತದೆ. ಜೊತೆಗೆ ಅದರಲ್ಲಿ ಉಳಿತಾಯವೂ ಇಲ್ಲ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹರಿವೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿಟ್ಟರೆ ಐಡ್ಲಿಂಗ್‌ಗೆ ಡೀಸೆಲ್ ಬೇಕೇ ಬೇಕು. ಪಾಲಿನ ಕಲಮ್ಮಿನ ಕೆಳಗೆ 'ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದ್ದು ಗೊತ್ತಾದರೆ ಆ ತಿಂಗಳ ಪಾಲು ಇಲ್ಲ' ಎಂದು ಸಂಘವೇ ಬರೆಸಲಿ. ಮೈಲೇಜ್ ಗುರಿ ಜಿಲ್ಲೆಗೆಲ್ಲ ಒಂದೇ ಆಗಕೂಡದು. ಭಾಗಮಂಡಲದ ರೂಟಿಗೂ ಕುಶಾಲನಗರದಿಂದ ಬಯಲಿನ ಕಡೆಗೆ ಓಡುವ ರೂಟಿಗೂ ಬೇರೆ ಬೇರೆ, ಮಳೆಗಾಲಕ್ಕೆ ಇನ್ನೂ ಸ್ವಲ್ಪ ಕಡಿಮೆ.

ಗುರಿ ಮುಟ್ಟದಿದ್ದರೆ ಸಂಬಳದಲ್ಲಿ ಕಡಿತ ಎಂಬ ಮಾತು ಬಂದರೆ ಅಲ್ಲೇ ತಡೆಯಿರಿ. ಕೇಂದ್ರದ ಹೊಸ ಕಾನೂನಾದ ವೇತನ ಸಂಹಿತೆ ಪ್ರಕಾರ ದಂಡ ಆ ಅವಧಿಯ ವೇತನದ ಶೇ. 3 ಮೀರುವಂತಿಲ್ಲ, ಅದೂ ಕಾರಣ ಕೇಳಿದ ಮೇಲೆ. ಡೀಸೆಲ್ ಹೆಚ್ಚು ಉರಿದದ್ದಕ್ಕೆ ಚಾಲಕನ ಕೈಯಿಂದ ವಸೂಲಿ ಮಾಡುವ ಪದ್ಧತಿ ಇದ್ದರೆ ಅದನ್ನು ನಿಲ್ಲಿಸುವುದೇ ಮೊದಲ ಬೇಡಿಕೆಯಾಗಲಿ.

ವಿಮಾನ ಕಂಪನಿಗಳಲ್ಲಿ ನಡೆದದ್ದು

ಇದೇ ವಾದ ಇನ್ನೂ ದೊಡ್ಡದಾಗಿ ನಡೆಯುವ ಜಾಗ ವಿಮಾನಯಾನ. ಭಾರತದಲ್ಲಿ ವಿಮಾನ ಕಂಪನಿಯ ಖರ್ಚಿನಲ್ಲಿ ಸುಮಾರು ಶೇ. 30ರಿಂದ 40 ವಿಮಾನ ಇಂಧನಕ್ಕೆ ಹೋಗುತ್ತದೆ, ಅದರ ದರ ಪ್ರತಿ ತಿಂಗಳ 1ನೇ ತಾರೀಖು ಬದಲಾಗುತ್ತದೆ, ಡೀಸೆಲ್ಲಿನಂತೆಯೇ ಅದೂ ಜಿಎಸ್‌ಟಿಯ ಹೊರಗಿದೆ. ಅಲ್ಲಿಂದ ತೆಗೆದುಕೊಳ್ಳಬೇಕಾದ ಸಂಗತಿಗಳು ಮೂರಿವೆ.

ಒಂದು, ದರ ಏರಿದಾಗ ಕಂಪನಿಗಳು ಟಿಕೆಟ್ಟಿನ ಮೇಲೆ ಇಂಧನ ಸರ್‌ಚಾರ್ಜ್ ಹಾಕಿ ಪ್ರಯಾಣಿಕರಿಗೆ ದಾಟಿಸುತ್ತವೆ. ಬಸ್ ಮಾಲೀಕರಿಗೆ ಆ ದಾರಿ ಇಲ್ಲ. ಸ್ಟೇಜ್ ಕ್ಯಾರೇಜ್ ಬಸ್ಸಿನ (ನಿಲ್ದಾಣ ನಿಲ್ದಾಣಕ್ಕೆ ಜನ ಹತ್ತಿಸಿ ಇಳಿಸುವ ಬಸ್ಸಿನ) ದರ ಗೊತ್ತುಮಾಡುವುದು ಸರ್ಕಾರ. ಹಾಗಾಗಿ ಮಾಲೀಕರ ಕಷ್ಟದಲ್ಲಿ ಹುರುಳಿದೆ ಎಂದು ಒಪ್ಪಿಕೊಳ್ಳಿ. ಜೊತೆಗೆ ಟಿಕೆಟ್ ದರ ಪರಿಷ್ಕರಣೆ ಆದ ದಿನ ಈ ಕಾರಣ ಕರಗುತ್ತದೆ ಎಂಬುದನ್ನೂ ಒಪ್ಪಂದದಲ್ಲಿ ಬರೆಸಿ.

ಎರಡು, ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದವು. ಎರಡು ಕಡೆಯೂ ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಇಂಧನ ದುಬಾರಿ ಎಂಬ ಮಾತು ಅಲ್ಲೂ ಇತ್ತು, ಆದರೆ ಅದೇ ಇಂಧನವನ್ನು ಕೊಂಡು ಇಂಡಿಗೋ ಹಾರುತ್ತಲೇ ಇತ್ತು. ಒಂದೇ ಬಂಕಿನಲ್ಲಿ ತುಂಬಿಸಿ ಒಂದೇ ರಸ್ತೆಯಲ್ಲಿ ಓಡುವ ಎರಡು ಬಸ್ಸುಗಳಲ್ಲಿ ಒಬ್ಬರು ತಿಂಗಳಿಗೆ ಸರಿಯಾಗಿ ಸಂಬಳ ಕೊಟ್ಟು ಇನ್ನೊಬ್ಬರು ಕೊಡುವುದಿಲ್ಲವಾದರೆ ಕಾರಣ ಡೀಸೆಲ್ ಅಲ್ಲ. ಸಾಲದ ಕಂತೋ, ಖಾಲಿ ಟ್ರಿಪ್ಪೋ, ಬೇರೆ ವ್ಯವಹಾರಕ್ಕೆ ಹೋದ ಹಣವೋ ಇರುತ್ತದೆ. ಒಂದು ತಿಂಗಳ ಬಾಕಿಯನ್ನೇ ಲಿಖಿತವಾಗಿ ಕೇಳಿ. ಮೂರು ತಿಂಗಳಾದ ಮೇಲೆ ಕೇಳಿದರೆ ನೀವೂ ಸಾಲಗಾರರ ಸಾಲಿನಲ್ಲಿ ಕೊನೆಗೆ ನಿಂತಿರುತ್ತೀರಿ.

ಮೂರನೆಯದು ರಜೆಯ ಸಂಗತಿ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಒಟ್ಟಿಗೆ ಅನಾರೋಗ್ಯದ ರಜೆ ಹಾಕಿದಾಗ ಕಣ್ಣೂರು ಸೇರಿ ಹಲವು ನಿಲ್ದಾಣಗಳಲ್ಲಿ ವಿಮಾನಗಳು ರದ್ದಾದವು. ಗಲ್ಫಿಗೆ ಹೊರಟ ಕೊಡಗಿನವರಿಗೂ ಹತ್ತಿರದ ನಿಲ್ದಾಣ ಅದೇ. ಕಂಪನಿ 25 ಜನರನ್ನು ಕೆಲಸದಿಂದ ತೆಗೆಯಿತು. ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ದೆಹಲಿಯಲ್ಲಿ ಸಂಧಾನ ನಡೆದು ಅವರನ್ನು ವಾಪಸ್ ತೆಗೆದುಕೊಂಡರು. ಈಗ ಕಾನೂನೇ ಬದಲಾಗಿದೆ: ಅರ್ಧಕ್ಕೆ ಅರ್ಧ ಅಥವಾ ಹೆಚ್ಚು ಜನ ಒಂದೇ ದಿನ ಮಾತಾಡಿಕೊಂಡು ರಜೆ ಹಾಕಿದರೆ ಅದೂ ಮುಷ್ಕರವೆಂದೇ ಲೆಕ್ಕ. 'ಎಲ್ಲರೂ ಜ್ವರ ಅಂತ ಹೇಳೋಣ' ಎಂಬ ಸಲಹೆ ಬಂದರೆ ಅಲ್ಲೇ ಬಿಟ್ಟುಬಿಡಿ.

ಬೇಡಿಕೆ ಪಟ್ಟಿ ಬರೆಯುವಾಗ

ಪಟ್ಟಿಯಲ್ಲಿ ಇಪ್ಪತ್ತು ಬೇಡಿಕೆ ಇಟ್ಟರೆ ಮಾಲೀಕರು ಸುಲಭದ ಹತ್ತನ್ನು ಒಪ್ಪಿ ಸಂಬಳವನ್ನು ಮುಂದೂಡುತ್ತಾರೆ. ಆರೇಳು ಸಾಕು, ಪ್ರತಿಯೊಂದರ ಎದುರು ಬಸ್ಸಿಗೆ ದಿನಕ್ಕೆ ಎಷ್ಟು ರೂಪಾಯಿ ಎಂದು ಬರೆದಿರಲಿ.

ಮೊದಲು ನೋಡಬೇಕಾದ್ದು ಕನಿಷ್ಠ ವೇತನ. ರಾಜ್ಯ ಸರ್ಕಾರದ ಅಧಿಸೂಚನೆಯಲ್ಲಿ ಮೂಲ ವೇತನದ ಜೊತೆ ತುಟ್ಟಿಭತ್ಯೆ ಇರುತ್ತದೆ, ಅದು ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ತಿಂಗಳ ಮೊತ್ತವನ್ನು 26ರಿಂದ ಭಾಗಿಸಿದರೆ ದಿನದ ಕನಿಷ್ಠ. ಹಳೆಯ ಹಾಳೆ ಹಿಡಿದು ಹೋಗಬೇಡಿ, ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಈ ವರ್ಷದ್ದನ್ನೇ ಕೇಳಿ ಪಡೆಯಿರಿ. ಈಗಿನ ಸಂಬಳ ಅದಕ್ಕಿಂತ ಕಡಿಮೆಯಿದ್ದರೆ ಅದು ಮಾತುಕತೆಯ ವಿಷಯವೇ ಅಲ್ಲ, ಕಾನೂನಿನ ಬಾಕಿ. ಚೌಕಾಶಿಗೆ ಇಟ್ಟರೆ ಹಕ್ಕನ್ನೇ ಭಿಕ್ಷೆಯಾಗಿ ಪಡೆದಂತಾಗುತ್ತದೆ.

ಬಾಟಾ (ದಿನದ ಭತ್ಯೆ) ಮತ್ತು ಕಲೆಕ್ಷನ್ ಕಮಿಷನ್ ಕಡೆ ಎಚ್ಚರ ಬೇಕು. 'ಸಂಬಳ ಬೇಡ, ಬಾಟಾ ನೂರು ಜಾಸ್ತಿ ಮಾಡುತ್ತೇನೆ' ಎಂಬುದು ಕೇಳಲು ಸೊಗಸು, ಕೈಗೆ ಅಂದೇ ಬರುತ್ತದೆ. ಆದರೆ ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕುವಾಗ ಆ ನೂರು ಕಾಣುವುದಿಲ್ಲ, ಬಸ್ ನಿಂತ ದಿನ ಸಿಗುವುದೂ ಇಲ್ಲ. ಈಗ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು ಎಂಬ ನಿಯಮ ವೇತನ ಸಂಹಿತೆಯಲ್ಲಿದೆ. ಅದನ್ನೂ ಪಟ್ಟಿಯಲ್ಲಿ ನೆನಪಿಸಿ.

ಕೆಲಸದ ಹೊತ್ತು ದಿನಕ್ಕೆ 8 ಗಂಟೆ, ವಾರಕ್ಕೆ 48. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಅಳತೆ ಇನ್ನೂ ನೆನಪಿಡುವಂಥದ್ದು: ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ, ಮೊದಲ ಟ್ರಿಪ್ಪಿನಿಂದ ಕೊನೆಯ ಟ್ರಿಪ್ಪಿನವರೆಗಿನ ಒಟ್ಟು ಹರವು 12 ಗಂಟೆ. ಬೆಳಿಗ್ಗೆ ಆರೂವರೆಗೆ ಹೊರಟು ರಾತ್ರಿ ಏಳೂವರೆಗೆ ಹಾಲ್ಟ್ ಆಗುವ ಬಸ್ಸು ಇದನ್ನು ಮೀರಿಯೇ ಓಡುತ್ತದೆ. ಇದನ್ನು ಒಮ್ಮೆಗೇ ಸರಿಪಡಿಸಲಾಗದಿದ್ದರೆ ಹಾಲ್ಟ್ ಭತ್ಯೆ, ಮಲಗುವ ಜಾಗ ಇಷ್ಟಾದರೂ ಬರೆಸಿ.

ಕೊಡಗಿನ ಒಪ್ಪಂದದಲ್ಲಿ ಮರೆಯಬಾರದ ಕಲಂ ರಸ್ತೆ ಬಂದ್. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಸಂಚಾರ ನಿಂತಾಗ ಆ ಕಡೆಯ ಓಟವೇ ಇರಲಿಲ್ಲ. ದಿನದ ಸಂಬಳದವರಿಗೆ ಬಸ್ ನಿಂತ ದಿನ ಸೊನ್ನೆ. ಲೇ-ಆಫ್ (ಕೆಲಸ ಕೊಡಲಾಗದ ದಿನಗಳ) ಪರಿಹಾರದ ಕಾನೂನು ಕಾರ್ಖಾನೆ, ಗಣಿ, ತೋಟಗಳಿಗೆ, ಅದೂ 50 ಅಥವಾ ಹೆಚ್ಚು ಜನರಿರುವ ಕಡೆಗೆ. ಬಸ್ಸಿನವರನ್ನು ಅದು ಕಾಯುವುದಿಲ್ಲ. ಆದ್ದರಿಂದ 'ಮಳೆ, ಕುಸಿತ, ಜಿಲ್ಲಾಡಳಿತದ ಆದೇಶದಿಂದ ಬಸ್ ನಿಂತರೆ ವರ್ಷಕ್ಕೆ ಇಷ್ಟು ದಿನದವರೆಗೆ ಅರ್ಧ ಸಂಬಳ' ಎಂದು ದಿನದ ಮಿತಿ ಸಹಿತ ಬರೆಸಿ. ಮಿತಿ ಇಲ್ಲದೆ ಕೇಳಿದರೆ ಯಾವ ಮಾಲೀಕರೂ ಒಪ್ಪುವುದಿಲ್ಲ. ಸುತ್ತು ದಾರಿಯಲ್ಲಿ ಓಡಿಸಿದರೆ ಹೆಚ್ಚಿದ ಕಿಲೋಮೀಟರನ್ನು ಮೈಲೇಜ್ ಗುರಿಯಲ್ಲಿ ಹಿಡಿಯಬಾರದು ಎಂದೂ ಸೇರಿಸಿ.

ಕೂರುವ ಹೊತ್ತು

ಮಳೆಗಾಲದಲ್ಲಿ ಮಾತುಕತೆಗೆ ಕೂರಬೇಡಿ. ಕಲೆಕ್ಷನ್ ಬಿದ್ದಿರುತ್ತದೆ, ಮೈಲೇಜ್ ಬಿದ್ದಿರುತ್ತದೆ, ಸ್ಪ್ರಿಂಗ್ ಪಟ್ಟಿ ಮುರಿದಿರುತ್ತದೆ. ಮಾಲೀಕರ ಪ್ರತಿಯೊಂದು ವಾದಕ್ಕೂ ಅಂದಿನ ಪುರಾವೆ ಸಿಗುತ್ತದೆ. ಕಾಫಿ ಕೊಯ್ಲು ಶುರುವಾಗಿ ತೋಟಗಳಿಗೆ ಜನ ಓಡಾಡುವ, ಮಡಿಕೇರಿಯ ಶುಕ್ರವಾರದ ಸಂತೆಗೆ ಬಸ್ ತುಂಬಿ ಬರುವ ಡಿಸೆಂಬರ್–ಜನವರಿಯಲ್ಲಿ ಪಟ್ಟಿ ಕೊಡಿ. ಮಾರ್ಚ್ ಕೊನೆಯೊಳಗೆ ಮುಗಿಸಿದರೆ ಏಪ್ರಿಲ್ 1ರಿಂದ ಹೊಸ ಸಂಬಳ, ಹೊಸ ತುಟ್ಟಿಭತ್ಯೆ ಒಟ್ಟಿಗೆ ಜಾರಿಯಾಗುತ್ತವೆ.

ಎದುರಿನವರು ಯಾರು ಎಂಬುದನ್ನೂ ನೋಡಿ. ಹತ್ತಾರು ಬಸ್ಸಿನ ಮಾಲೀಕರ ಹತ್ತಿರ ಇಡುವ ಬೇಡಿಕೆಯನ್ನು ತಾನೇ ಸ್ಟೇರಿಂಗ್ ಹಿಡಿಯುವ ಒಂದು ಬಸ್ಸಿನ ಮಾಲೀಕನ ಮುಂದಿಟ್ಟರೆ ಅವನು ಬಸ್ಸನ್ನೇ ಮಾರುತ್ತಾನೆ. ಮಾಲೀಕರ ಸಂಘದ ಜೊತೆಗೇ ಒಂದು ಕನಿಷ್ಠ ದರ ಮಾಡಿಕೊಂಡು ದೊಡ್ಡ ಮಾಲೀಕರ ಜೊತೆ ಅದರ ಮೇಲಿನದನ್ನು ಮಾತಾಡುವುದು ಜಾಣತನ. ಎಲ್ಲರೂ ಒಂದೇ ಕನಿಷ್ಠ ಕೊಡುವುದಾದರೆ ಸಂಬಳ ಕಡಿತದ ಮೇಲೆ ಪೈಪೋಟಿ ನಡೆಸುವುದು ತಪ್ಪುತ್ತದೆ, ಮಾಲೀಕರಿಗೂ ಅದು ಬೇಕಾಗಿರುತ್ತದೆ.

ನೌಕರರ ಕಡೆಯಿಂದ ಐದು ಜನ ಸಾಕು: ಘಾಟಿ ರೂಟಿನ ಒಬ್ಬರು, ಊರೊಳಗಿನ ರೂಟಿನ ಒಬ್ಬರು, ಒಬ್ಬ ಕಂಡಕ್ಟರ್, ಸಂಘದ ಪದಾಧಿಕಾರಿ, ಮತ್ತೆ ಬರೆದುಕೊಳ್ಳಲು ಒಬ್ಬರು. ಬರೆಯುವವರು ಮಾತಾಡಬಾರದು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯ (ಸಂಘ, ಮುಷ್ಕರ, ಒಪ್ಪಂದಗಳ ಕೇಂದ್ರ ಕಾನೂನಿನ) ಲೆಕ್ಕ ಹೀಗಿದೆ: ಹಾಜರಿ ಪುಸ್ತಕದಲ್ಲಿರುವವರ ಶೇ. 51 ಬೆಂಬಲ ಇರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಕನಿಷ್ಠ ಶೇ. 20 ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿದ ಸಮಿತಿ. ಸದಸ್ಯತ್ವದ ರಸೀದಿಗಳನ್ನು ಜೋಡಿಸಿಡಿ.

ಮೇಜಿನ ಎದುರು

ಮೊದಲ ಸಭೆಯಲ್ಲಿ ಸಂಬಳದ ಅಂಕಿಯನ್ನೇ ಎತ್ತಬೇಡಿ. ಕಿಲೋಮೀಟರ್ ಲೆಕ್ಕದ ಹಾಳೆ ಇಟ್ಟು, 'ನಮ್ಮ ಲೆಕ್ಕ ಇದು. ತಪ್ಪಿದ್ದರೆ ತಿದ್ದಿ ಕೊಡಿ' ಎನ್ನಿ. ತಿದ್ದಬೇಕಾದರೆ ಅವರು ತಮ್ಮ ಅಂಕಿ ತೆಗೆಯಲೇಬೇಕು. ವಿಮೆ, ತೆರಿಗೆ, ಟೈರು, ಸಾಲದ ಕಂತು ಎಲ್ಲ ಬರಲಿ, ಬೇಸರ ಮಾಡಿಕೊಳ್ಳದೆ ಬರೆದುಕೊಳ್ಳಿ.

ಡೀಸೆಲ್ ಏರಿಕೆ ಎಂದಾಗ ಎರಡು ತಾರೀಖಿನ ನಡುವಿನ ದರ ಕೇಳಿ: ಹಿಂದಿನ ಒಪ್ಪಂದದ ದಿನ ಎಷ್ಟಿತ್ತು, ಇಂದು ಎಷ್ಟಿದೆ. 2017ರ ಜೂನ್ 16ರಿಂದ ದರ ದಿನಕ್ಕೊಮ್ಮೆ ಪರಿಷ್ಕರಣೆಯಾಗುವ ಪದ್ಧತಿ ಬಂದಿದೆ. ಎರಡೂ ದಿಕ್ಕಿನಲ್ಲಿ ಹೋಗಿದೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 10 ರೂ. ಇಳಿಸಿತು, ರಾಜ್ಯ ಸರ್ಕಾರ ಅದರ ಜೊತೆಗೇ 7 ರೂ. ಇಳಿಸಿತು. 2022ರ ಮೇನಲ್ಲಿ ಮತ್ತೆ 6 ರೂ. ಸುಂಕ ಇಳಿಯಿತು, 2024ರ ಮಾರ್ಚ್‌ನಲ್ಲಿ 2 ರೂ. ದರ ಇಳಿಯಿತು. ಏರಿದ ಕಡೆಗೆ: 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ. 14.34ರಿಂದ 18.44ಕ್ಕೆ ಹೋಗಿ ಸುಮಾರು 3 ರೂ. ಹೆಚ್ಚಾಯಿತು, 2025ರ ಏಪ್ರಿಲ್ 1ರಿಂದ 21.17 ಆಗಿ ಸುಮಾರು 2 ರೂ. ಹೆಚ್ಚಾಯಿತು. ಇಳಿದ ದಿನಗಳಲ್ಲಿ ಯಾವ ಬಸ್ಸಿನಲ್ಲಿ ಸಂಬಳ ಏರಿತು ಎಂದು ಕೇಳುವುದು ಒರಟುತನವಲ್ಲ. ಮೆಲ್ಲನೆ ಕೇಳಿ, ಒಂದೇ ಸಲ ಕೇಳಿ.

ಶಕ್ತಿ ಯೋಜನೆಯ ಮಾತೂ ಬರುತ್ತದೆ. 2023ರ ಜೂನ್ 11ರಿಂದ ಕೆಎಸ್‌ಆರ್‌ಟಿಸಿಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ಸರ್ಕಾರಿ ಬಸ್ ಜೊತೆಗೆ ಓಡುವ ರೂಟುಗಳಲ್ಲಿ ಖಾಸಗಿಯವರ ಕಲೆಕ್ಷನ್‌ಗೆ ಇದರಿಂದ ಪೆಟ್ಟು ಬೀಳುವುದು ಸಹಜ. ಆದರೆ ಸರ್ಕಾರಿ ಬಸ್ಸೇ ಹೋಗದ ತೋಟದ ದಾರಿಗಳ ರೂಟಿಗೆ ಆ ವಾದ ಅನ್ವಯಿಸದು. ರೂಟು ರೂಟಿಗೆ ಬಿಡಿಸಿ ಮಾತಾಡಿ.

ಡೀಸೆಲ್ ಕಲಂ ಹೀಗೆ ಬರೆಯಿರಿ

ಮೂರು ವರ್ಷದ ಒಪ್ಪಂದಕ್ಕೆ ಒಂದು ಮಾದರಿ. ಸಹಿಗೆ ಮೊದಲಿನ ತಿಂಗಳಲ್ಲಿ ಹೆಸರಿಸಿದ ಒಂದು ಬಂಕಿನ ದಿನದ ದರಗಳ ಸರಾಸರಿಯೇ ಮೂಲ ದರ. ಅದರಿಂದ 4 ರೂ. ಮೇಲೆ ಅಥವಾ ಕೆಳಗೆ ಹೋಗುವವರೆಗೆ ಏನೂ ಬದಲಾಗುವುದಿಲ್ಲ. ಸತತ ಮೂರು ತಿಂಗಳು ಸರಾಸರಿ ಅದಕ್ಕಿಂತ ಮೇಲೆ ನಿಂತು, ಟಿಕೆಟ್ ದರವೂ ಪರಿಷ್ಕರಣೆ ಆಗದಿದ್ದರೆ, ಮುಂದಿನ ಕಂತಿನ ಏರಿಕೆಯನ್ನು ಮಾಲೀಕರು ಹೆಚ್ಚೆಂದರೆ ಮೂರು ತಿಂಗಳು ಮುಂದೂಡಬಹುದು. ಮುಂದೂಡಿದ ಹಣ ಬಾಕಿಯಾಗಿ ಉಳಿಯುತ್ತದೆ, ಮನ್ನಾ ಆಗುವುದಿಲ್ಲ. ಈಗಿರುವ ಸಂಬಳ ಯಾವ ಕಾರಣಕ್ಕೂ ಇಳಿಯುವುದಿಲ್ಲ. ಸತತ ಮೂರು ತಿಂಗಳು ಸರಾಸರಿ ಮೂಲ ದರಕ್ಕಿಂತ 4 ರೂ.ಗೂ ಹೆಚ್ಚು ಕೆಳಗೆ ನಿಂತರೆ, ಉಳಿತಾಯದ ಮೂರನೇ ಒಂದು ಪಾಲು ನೌಕರರಿಗೆ. ಮೇಲಿನ ಬಸ್ಸಿನಲ್ಲಿ 6 ರೂ. ಇಳಿದರೆ 40 ಲೀಟರಿಗೆ 240 ರೂ. ಉಳಿಯಿತು, ಅದರಲ್ಲಿ 80 ರೂ., ಇಬ್ಬರಿಗೆ ತಲಾ 40. ಟಿಕೆಟ್ ದರ ಪರಿಷ್ಕರಣೆಯಾದ 30 ದಿನದೊಳಗೆ ಎರಡೂ ಕಡೆಯವರು ಮತ್ತೆ ಕೂರಬೇಕು.

ಈ ಕಲಂ ಕೆಡುವುದು ಮೂರು ಜಾಗದಲ್ಲಿ. ಬಂಕಿನ ಹೆಸರು ಬರೆಯದೆ 'ಮಾರುಕಟ್ಟೆ ದರ' ಎಂದು ಬಿಟ್ಟರೆ ಕುಟ್ಟದಲ್ಲಿ ಒಂದು, ಕುಶಾಲನಗರದಲ್ಲಿ ಒಂದು ದರ ಹಿಡಿಯುತ್ತಾರೆ. ಸರಾಸರಿಯ ಬದಲು ಒಂದೇ ದಿನದ ದರ ಬರೆದರೆ ಏರಿದ ದಿನವನ್ನೇ ಆರಿಸುತ್ತಾರೆ. ಲೀಟರ್ ಎಷ್ಟು ಎಂದು ನಿಗದಿ ಮಾಡದಿದ್ದರೆ ಮೈಲೇಜ್ ಬಿದ್ದ ನಷ್ಟವೂ ಇದರೊಳಗೆ ನುಸುಳುತ್ತದೆ.

ಮಾತು ಮುರಿದರೆ

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ ಮುಷ್ಕರಕ್ಕೆ 14 ದಿನದ ನೋಟಿಸ್ ಕಡ್ಡಾಯ, ನೋಟಿಸಿನ ಆಯುಸ್ಸು 60 ದಿನ. ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ 7 ದಿನದವರೆಗೆ ಮುಷ್ಕರ ಮಾಡುವಂತಿಲ್ಲ. ನೋಟಿಸ್ ಹೋದ ಕೂಡಲೇ ಕಾರ್ಮಿಕ ಇಲಾಖೆ ಸಭೆ ಕರೆಯಬಹುದು, ಮೊದಲ ಸಭೆ ನಡೆದರೆ ಸಂಧಾನ ಶುರುವಾದಂತೆ. ಹಾಗಾಗಿ ನೋಟಿಸನ್ನು ಬಸ್ ನಿಲ್ಲಿಸುವ ಆಯುಧ ಎಂದುಕೊಳ್ಳದೆ ಅಧಿಕಾರಿಯ ಮುಂದೆ ಮಾಲೀಕರನ್ನು ಕೂರಿಸುವ ದಾರಿ ಎಂದು ಬಳಸುವುದೇ ಲಾಭ. ಸಭೆಗೆ ಕಿಲೋಮೀಟರ್ ಹಾಳೆ, ಸಂಬಳದ ಚೀಟಿ, ಹಿಂದಿನ ಪತ್ರಗಳ ಸ್ವೀಕೃತಿ ಮೂರೂ ಇರಲಿ.

ನಿಜಕ್ಕೂ ಬಸ್ ನಿಲ್ಲಿಸುವ ಮೊದಲು ಇದೊಂದನ್ನು ಯೋಚಿಸಿ. ವಿಮಾನ ನಿಂತರೆ ಪ್ರಯಾಣಿಕ ಕಾಯುತ್ತಾನೆ, ಬಸ್ ನಿಂತರೆ ಸರ್ಕಾರಿ ಬಸ್ ಹತ್ತುತ್ತಾನೆ, ಜೀಪು ಹಿಡಿಯುತ್ತಾನೆ. ವಾರದ ಮುಷ್ಕರದಲ್ಲಿ ಹೋದ ಪ್ರಯಾಣಿಕರಲ್ಲಿ ಎಷ್ಟೋ ಜನ ವಾಪಸ್ ಬರುವುದಿಲ್ಲ, ಆ ಕಲೆಕ್ಷನ್ ಜೊತೆಗೆ ನಿಮ್ಮ ಮುಂದಿನ ಏರಿಕೆಯೂ ಹೋಗುತ್ತದೆ. ಪರೀಕ್ಷೆಯ ತಿಂಗಳಲ್ಲಿ ನಿಲ್ಲಿಸಿದರೆ ಊರಿನವರೂ ಎದುರಾಗುತ್ತಾರೆ.

ಸಹಿ ಹಾಕುವಾಗ

ಎರಡೇ ಪಕ್ಷ ಕೂತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದದ್ದು ಸಂಘದ ಸದಸ್ಯರಲ್ಲದವರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯ. ಹೊರಗೇ ಎಲ್ಲ ಒಪ್ಪಿಗೆಯಾಗಿದ್ದರೂ ಕೊನೆಯ ಸಹಿಯನ್ನು ಅಲ್ಲಿಯೇ ಹಾಕಿಸುವುದು ಒಳ್ಳೆಯದು.

'ಪರಿಶೀಲಿಸಲಾಗುವುದು', 'ಸಾಧ್ಯವಾದಷ್ಟು', 'ಸದ್ಯದಲ್ಲೇ' ಎಂಬ ಪದಗಳಿದ್ದ ಸಾಲು ಒಪ್ಪಂದವೇ ಅಲ್ಲ, ಹೊಡೆದು ಹಾಕಿಸಿ. ಪ್ರತಿ ಕಲಮ್ಮಿನಲ್ಲೂ ಮೊತ್ತ, ತಾರೀಖು, ಕೊಡಬೇಕಾದವರು ಯಾರು ಇವು ಇರಬೇಕು. ಬಾಕಿ ಹಣ ಎಷ್ಟು ಕಂತು, ಯಾವ ತಿಂಗಳು ಎಂದೂ ಬರೆದಿರಲಿ. ಕನ್ನಡದಲ್ಲೇ ಬರೆಸಿ, ಓದು ಬಾರದ ಕ್ಲೀನರಿಗೂ ಸಭೆಯಲ್ಲಿ ಓದಿ ಹೇಳಿ. ಮಲಯಾಳ ಮಾತ್ರ ಬಲ್ಲ ನೌಕರರಿದ್ದರೆ ಅವರಿಗೆ ಬಿಡಿಸಿ ಹೇಳಲು ಒಬ್ಬರನ್ನು ಗೊತ್ತುಮಾಡಿ. ಅವಧಿ ಬರೆಯದಿದ್ದರೆ ಕಾನೂನು ಆರು ತಿಂಗಳೆಂದು ಹಿಡಿಯುತ್ತದೆ. ಅವಧಿ ಮುಗಿದರೂ ಯಾರಾದರೂ ಲಿಖಿತ ನೋಟಿಸ್ ಕೊಟ್ಟು 60 ದಿನ ಆಗುವವರೆಗೆ ಹಳೆಯದೇ ನಡೆಯುತ್ತದೆ.

ಸಹಿಯಾದ ಮೊದಲ ಸಂಬಳದ ದಿನ ಐದಾರು ಬಸ್ಸಿನವರ ಚೀಟಿಗಳನ್ನು ತರಿಸಿ ಕಲಂಗಳ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಅದೇ ವಾರ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಕ್ಕೊಂದು ಸಾಲಿನ ಆ ನೋಟ್‌ಬುಕ್ಕನ್ನು ಮಾತ್ರ ನಿಲ್ಲಿಸಬೇಡಿ. ಡೀಸೆಲ್ ಕಲಮ್ಮಿನ ಮೂರು ತಿಂಗಳ ಎಣಿಕೆ ಸಹಿಯ ಮರುದಿನದಿಂದಲೇ ಶುರುವಾಗುತ್ತದೆ.